ಸಮುದ್ರ ಮಟ್ಟದವರು ಲಡಾಖ್‌ಗೆ ಹೋಗುವುದು ಹೇಗೆ

ನಮ್ಮ ಮನೆ ಕುಮಟಾದಲ್ಲಿ. ರಾತ್ರಿ ಜಗಲಿಯಲ್ಲಿ ಕೂತರೆ ಸಮುದ್ರದ ಸದ್ದು ಕೇಳುತ್ತದೆ. ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಲಡಾಖ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ, 2018ರ ಜೂನ್‌ನಲ್ಲಿ ಒಮ್ಮೆ, 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಗೋಡೆಗೆ ಹಾಕಿದ ಫೋಟೋ ನೋಡಿ ಬ್ಲೌಸ್ ಹೊಲಿಸಲು ಬಂದವರೆಲ್ಲ ಕೇಳುತ್ತಾರೆ, "ಅಕ್ಕಾ, ಹೇಗೆ ಹೋದ್ರಿ? ನಮ್ಗೂ ಆಗ್ತದಾ?" ಆಗುತ್ತದೆ. ಆದರೆ ಹೋಗುವ ಬಗೆ ಬೇರೆ. ಬೆಂಗಳೂರಿನವರು ಸಮುದ್ರಕ್ಕಿಂತ 900 ಮೀಟರ್ ಎತ್ತರದಲ್ಲಾದರೂ ಇದ್ದಾರೆ. ನಾವು ಸೊನ್ನೆಯಿಂದ ಹೊರಡುವವರು. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನ ಮೂರನೇ ಎರಡರಷ್ಟು ಮಾತ್ರ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ಅದಕ್ಕೇ ಮೊದಲು ನಮ್ಮ ಭಾವನಿಗೆ ಆದದ್ದನ್ನು ಹೇಳಿಬಿಡುತ್ತೇನೆ.

2018ರಲ್ಲಿ ಅಕ್ಕ, ಭಾವ, ನಾನು, ನಮ್ಮನೆಯವರು ಒಂದು ಟೂರಿನವರ ಜೊತೆ ಹೋಗಿದ್ದೆವು. ಬೆಳಿಗ್ಗೆ ವಿಮಾನ ಇಳಿಯಿತು. ಮಧ್ಯಾಹ್ನವೇ ಊರು ತೋರಿಸಿದರು. ಮರುದಿನ ಬೆಳಿಗ್ಗೆ ಖಾರ್ದುಂಗ್ ಲಾ ಹತ್ತಿಸಿದರು. ಆ ಕಣಿವೆ ದಾರಿಯ ನೆತ್ತಿ 5,359 ಮೀಟರ್ ಎತ್ತರದಲ್ಲಿದೆ. ಭಾವನಿಗೆ ಶಿರಸಿಯಲ್ಲಿ ಕಿರಾಣಿ ಅಂಗಡಿ. ಪೊಟ್ಟಣಕ್ಕೆ ದಾರ ಸುತ್ತಿ ಸುತ್ತಿ ಪಳಗಿದ ಬೆರಳು ಅವರದು. ಮೇಲೆ ಗಾಡಿ ನಿಂತಾಗ ಜಾಕೆಟ್ಟಿನ ಗುಂಡಿ ಹಾಕಲು ನೋಡುತ್ತಿದ್ದರು. ಆಗಲಿಲ್ಲ. ಗುಂಡಿ ಕಾಜಾದ ತನಕ ಬರುತ್ತಿತ್ತು, ಜಾರುತ್ತಿತ್ತು, ಮತ್ತೆ ಬರುತ್ತಿತ್ತು. ಆ ಕಾಜಾ ನಾನೇ ಮಾಡಿದ್ದು, ಬೇಕೆಂದೇ ಸಡಿಲ ಇಟ್ಟಿದ್ದೆ. ಚಳಿಗೆ ಬೆರಳು ಮರಗಟ್ಟಿರಬೇಕು ಅಂದುಕೊಂಡೆ. ಎರಡು ಹೆಜ್ಜೆ ಇಟ್ಟರು, ಪಕ್ಕಕ್ಕೆ ವಾಲಿದರು, ವಾಂತಿ ಮಾಡಿದರು. ಅಕ್ಕನ ಹೆಸರು ಕೂಗಲು ಹೋಗಿ ನನ್ನ ಹೆಸರು ಕೂಗಿದರು. ಡ್ರೈವರ್ ನುಬ್ರಾ ಕಣಿವೆ ಕಡೆಯ ಹುಡುಗ. ಅವನು ಯಾರನ್ನೂ ಕೇಳಲಿಲ್ಲ. ಭಾವನನ್ನು ಸೀಟಿಗೆ ಕೂರಿಸಿ ಗಾಡಿಯನ್ನು ಕೆಳಮುಖ ತಿರುಗಿಸಿಬಿಟ್ಟ. ಲೇಹ್‌ನ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಆಮ್ಲಜನಕ ಕೊಟ್ಟರು. ಉಳಿದರು. ಅವನು ಅರ್ಧ ಗಂಟೆ ತಡ ಮಾಡಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ.

ಎರಡನೇ ಸಲ ಟೂರಿನವರ ಪಟ್ಟಿ ಬಿಟ್ಟು ನಾವೇ ಪಟ್ಟಿ ಮಾಡಿದೆವು. ಭಾವನೂ ಬಂದರು, ಡಾಕ್ಟರ್ ಹತ್ತಿರ ತೋರಿಸಿಕೊಂಡೇ. ಯಾರಿಗೂ ಏನೂ ಆಗಲಿಲ್ಲ. ಮುಂದೆ ಬರೆದಿರುವುದೆಲ್ಲ ಆ ಎರಡನೇ ಸಲದ ಲೆಕ್ಕ.

ಯಾವಾಗ ಹೋಗಬೇಕು

ನಮ್ಮ ಮಳೆಗಾಲವೇ ಅಲ್ಲಿಯ ಸೀಸನ್. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ, ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100. ಕಾರಣ ನಮಗೆ ಗೊತ್ತಿರುವುದೇ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ, ಮುಂಡಗೋಡದ ಕಡೆ ಹೋಗಿ ನೋಡಿ. ಹೋದ ಹಾಗೆ ಮಳೆ ಕಡಿಮೆಯಾಗುತ್ತದೆ, ಕಾಡು ತೆಳುವಾಗುತ್ತದೆ, ಅಲ್ವಾ? ಘಟ್ಟ ಮೋಡವನ್ನು ಈಚೆಗೇ ಹಿಂಡಿಬಿಡುತ್ತದೆ. ಹಿಮಾಲಯ ಅದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡುತ್ತದೆ. ಅದರ ಆಚೆ ಬದಿಗೆ ಉಳಿದದ್ದೇ ಈ ಚಳಿಯ ಮರುಭೂಮಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಗಳು ತೆರೆದಿರುತ್ತವೆ. ನನ್ನ ಆಯ್ಕೆ ಸೆಪ್ಟೆಂಬರ್. ಜನ ಕಡಿಮೆ, ಆಕಾಶ ಸ್ವಚ್ಛ, ಪಾಪ್ಲರ್ ಮರದ ಎಲೆ ಹಳದಿಯಾಗಲು ಶುರುವಾಗಿರುತ್ತದೆ. ನಮ್ಮ ಕಡೆಯವರಿಗೆ ಒಂದೇ ತೊಡಕು, ಚೌತಿ. ಚೌತಿ ಮುಂಚಿನ ಹೊಲಿಗೆ ಬಿಟ್ಟರೆ ನನ್ನ ವರ್ಷದ ವ್ಯಾಪಾರವೇ ಹೋಗುತ್ತದೆ. ಆ ವರ್ಷ ಆಗಸ್ಟ್ ಕೊನೆಗೇ ಎಲ್ಲ ಆರ್ಡರ್ ಮುಗಿಸಿಕೊಟ್ಟು ಹೊರಟೆ.

ಮಳೆ ಕಡಿಮೆ ಅಂದರೂ ಮೈಮರೆಯಬೇಡಿ. 2010ರ ಆಗಸ್ಟ್‌ನಲ್ಲಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ತುಂಬಾ ಜನ ಸತ್ತರು. ಮರ ಗಿಡ ಇಲ್ಲದ ಗುಡ್ಡ, ಮಣ್ಣು ಹಿಡಿದಿಡಲು ಬೇರಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಿದ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಿದ್ದರೆ ಅಲ್ಲಿ ಮಲಗಬೇಡಿ.

ಹೊರಡುವ ಮುಂಚೆ ಊರಲ್ಲೇ ಮಾಡುವುದು

ಎರಡು ತಿಂಗಳ ಮುಂಚೆ ಡಾಕ್ಟರ್ ಹತ್ತಿರ ಹೋಗಿ. ಬಿಪಿ, ಹೃದಯ, ಉಬ್ಬಸ ಇದ್ದರೆ ಮುಚ್ಚಿಡಬೇಡಿ. ಎತ್ತರಕ್ಕೆ ಹೊಂದಿಕೊಳ್ಳಲು ಡಯಮಾಕ್ಸ್ ಅನ್ನುವ ಮಾತ್ರೆ ಕೊಡುವುದುಂಟು. ಅಂಗಡಿಯಿಂದ ಸುಮ್ನೆ ತಂದು ನುಂಗುವುದು ಬೇಡ. ಸಲ್ಫಾ ಔಷಧಿ ಆಗದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ನಾನು ದಿನಾ ಬೆಳಿಗ್ಗೆ ವನ್ನಳ್ಳಿ ಕಡಲ ದಂಡೆಯಲ್ಲಿ ಒಂದು ತಾಸು ನಡೆದೆ, ಭಾನುವಾರ ಯಾಣದ ಮೆಟ್ಟಿಲು ಹತ್ತಿದೆ. ಕಾಲು ಗಟ್ಟಿಯಾಯಿತು. ಆದರೆ ಒಂದು ಮಾತು ನೆನಪಿಡಿ, ಕಾಲು ಗಟ್ಟಿ ಇದ್ದವರಿಗೂ ಎತ್ತರದ ಕಾಯಿಲೆ ಬರುತ್ತದೆ. ಹುಡುಗರಿಗೆ ಬರುವುದಿಲ್ಲ ಅನ್ನುವುದೂ ಸುಳ್ಳು. ಅವರು ಓಡಾಡಿಬಿಡುತ್ತಾರೆ, ಅದಕ್ಕೇ ಅವರಿಗೆ ಜಾಸ್ತಿ ಹುಷಾರು ಬೇಕು.

ಇನ್ನೊಂದು ತಯಾರಿ ನಮ್ಮ ಜಿಲ್ಲೆಯವರಿಗೆ ಮಾತ್ರ ಸಿಗುವ ಭಾಗ್ಯ. ಒಂದು ದಿನ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿ ಬನ್ನಿ. 1966ರಲ್ಲಿ ಶುರುವಾದ ಊರು ಅದು. ದ್ರೆಪುಂಗ್, ಗಾದೆನ್ ಅನ್ನುವ ದೊಡ್ಡ ಮಠಗಳು ಅಲ್ಲಿವೆ, ಲಡಾಖ್‌ನ ಹುಡುಗರೂ ಅಲ್ಲಿಗೆ ಓದಲು ಬರುತ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು, ಪ್ರದಕ್ಷಿಣೆ ಹೇಗೆ, ಪ್ರಾರ್ಥನೆಯ ಚಕ್ರವನ್ನು ಬಲಕ್ಕೆ ತಿರುಗಿಸಬೇಕು, ಪೂಜೆ ನಡೆಯುವಾಗ ಗೋಡೆ ಬದಿಗೆ ಕೂರಬೇಕು, ದೇವರ ಕಡೆ ಕಾಲು ಚಾಚಬಾರದು, ಚಿತ್ರಗಳನ್ನು ಮುಟ್ಟಬಾರದು. ಇದೆಲ್ಲ ನಾನು ಕಲಿತದ್ದು ಮುಂಡಗೋಡದಲ್ಲಿ. ಥುಕ್ಪಾ ಅನ್ನುವ ನೂಡಲ್ಸ್ ಸಾರನ್ನೂ ಅಲ್ಲೇ ಮೊದಲು ಉಂಡೆ. ಲೇಹ್‌ನಲ್ಲಿ ಮಠದ ಬಾಗಿಲಿಗೆ ಹೋದಾಗ ಹೊಸಬಳು ಅನ್ನಿಸಲಿಲ್ಲ.

ಚೀಲಕ್ಕೆ ಏನು

ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ. ಹೊಸದಾಗಿ ಹೋಗುವವರು ಮಾಡುವ ತಪ್ಪು ಅಂದರೆ, ಒಂದೇ ಒಂದು ದಪ್ಪ ಜಾಕೆಟ್ ಕೊಳ್ಳುವುದು. ಲಡಾಖ್‌ನಲ್ಲಿ ಬಿಸಿಲಿಗೆ ನಿಂತರೆ ಸುಡುತ್ತದೆ, ಎರಡು ಹೆಜ್ಜೆ ನೆರಳಿಗೆ ಸರಿದರೆ ನಡುಗುತ್ತೀರಿ. ಗಾಳಿ ತೆಳುವಾಗಿದೆ, ಬಿಸಿಲನ್ನು ತಡೆಯುವುದೂ ಇಲ್ಲ, ಶಾಖವನ್ನು ಹಿಡಿದಿಡುವುದೂ ಇಲ್ಲ. ಹಾಗಾಗಿ ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಹಾಗಿರಬೇಕು. ಮೈಗೆ ತಾಗಿ ತೆಳು ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ನುಗ್ಗದ ಜಾಕೆಟ್. ಮೂರು ಪದರದ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು. ಹೊರಗಿನ ಜಾಕೆಟ್ ಕೊಳ್ಳುವಾಗ ಒಳಗಿನ ಎರಡು ಪದರ ಹಾಕಿಕೊಂಡೇ ಅಳತೆ ನೋಡಿ. ಕಂಕುಳಲ್ಲಿ ಬಿಗಿದರೆ ಆ ನಡುವಿನ ಗಾಳಿಯೇ ಇರುವುದಿಲ್ಲ. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಗಾಡಿ ಇಳಿದ ಕೂಡಲೇ ಚಳಿ ಹಿಡಿಯುತ್ತದೆ. ಅದನ್ನು ರಾತ್ರಿ ಮಲಗಲು ಇಟ್ಟುಕೊಳ್ಳಿ.

ನಮ್ಮ ಎಲ್ಲರ ಜಾಕೆಟ್ಟಿಗೂ ಅಸ್ತರ್ ಒಳಗೆ ಎದೆಯ ಹತ್ತಿರ ಒಂದೊಂದು ಜೇಬು ಹೊಲಿದೆ. ಅದು ತುಂಬಾ ಕೆಲಸಕ್ಕೆ ಬಂತು. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಮೈ ಬಿಸಿಯಲ್ಲಿಟ್ಟರೆ ಉಳಿಯುತ್ತದೆ. ಕೊಬ್ಬರಿ ಎಣ್ಣೆಯೂ ಅಲ್ಲೇ. ಮೊದಲ ಸಲ ಲೇಹ್‌ನ ಕೋಣೆಯಲ್ಲಿ ಬೆಳಿಗ್ಗೆ ಎದ್ದು ಸೀಸೆ ಬಗ್ಗಿಸಿದರೆ ಎಣ್ಣೆ ಬೀಳಲಿಲ್ಲ. ಬೆಳ್ಳಗೆ ಮೇಣದ ಹಾಗೆ ಕೂತಿತ್ತು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮೂರಲ್ಲಿ ಅದನ್ನು ನೋಡುವ ಸಂದರ್ಭವೇ ಕಡಿಮೆ. ಕೂದಲಿಗೆ ಹಾಕದಿದ್ದರೂ ನಡೆಯುತ್ತದೆ, ಮೂಗಿಗೆ ಬೇಕು. ಅಲ್ಲಿಯ ಒಣ ಗಾಳಿಗೆ ಎರಡೇ ದಿನದಲ್ಲಿ ಮೂಗಿನ ಒಳಗೆ ಬಿರಿದು ರಕ್ತ ಬರುತ್ತದೆ. ರಾತ್ರಿ ಮಲಗುವಾಗ ಮೂಗಿನ ಅಂಚಿಗೆ, ತುಟಿಗೆ, ಹಿಮ್ಮಡಿಗೆ ಎಣ್ಣೆಯೋ ವ್ಯಾಸಲೀನೋ ಹಚ್ಚಿ. ಅಂಚಿರುವ ಟೊಪ್ಪಿ, ಒಳ್ಳೆಯ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು.

ಬಟ್ಟೆ ಜಾಸ್ತಿ ಬೇಡ. ನಮ್ಮಲ್ಲಿ ಆಷಾಢದಲ್ಲಿ ಒಂದು ಟವೆಲ್ ಒಣಗಲು ನಾಲ್ಕು ದಿನ ಬೇಕು, ಆಮೇಲೂ ವಾಸನೆ. ಅಲ್ಲಿ ಸಂಜೆ ಕೋಣೆಯಲ್ಲಿ ಹರವಿದ್ದು ಬೆಳಿಗ್ಗೆಗೆ ಹಪ್ಪಳದ ಹಾಗೆ ಒಣಗಿರುತ್ತದೆ.

ತಿನಿಸಿನಲ್ಲಿ ಅವಲಕ್ಕಿ ಒಯ್ಯಿರಿ, ಅಕ್ಕಿ ಬೇಡ. ಲೇಹ್‌ನ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದು ಕಾಣುತ್ತದೆ, ಅಕ್ಕಿ ಬೇಯುವುದಿಲ್ಲ. ಮೊದಲ ಸಲ ಅಕ್ಕ ಒಂದು ಸೇರು ಕುಚ್ಚಲಕ್ಕಿ ಹೊತ್ತು ತಂದಿದ್ದಳು. ನಾವು ಉಳಿದ ಮನೆಯವರ ಒಲೆ ಮೇಲೆ ಒಂದೂವರೆ ತಾಸು ಕುದಿಸಿದರೂ ನಡುವೆ ಕಾಳು ಕಾಳೇ. ಅಲ್ಲಿ ಕುಕ್ಕರ್ ಇಲ್ಲದೆ ಅಡುಗೆ ಇಲ್ಲ. ಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಡಬ್ಬಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ತೆರೆಯುವಾಗ ಬಟ್ಟೆ ಮುಚ್ಚಿ ನಿಧಾನ ತಿರುಗಿಸಿ. ಒಳಗೆ ಇರುವುದು ಕುಮಟಾದ ಗಾಳಿ, ಒತ್ತಡ ಜಾಸ್ತಿ. ಫಕ್ಕನೆ ತೆರೆದರೆ ಎಣ್ಣೆ ಮುಖಕ್ಕೇ ಹಾರುತ್ತದೆ. ಚಿಪ್ಸ್ ಪೊಟ್ಟಣಗಳೂ ಬಲೂನಿನ ಹಾಗೆ ಉಬ್ಬಿರುತ್ತವೆ. ಒಣ ಶೆಟ್ಲಿ (ಸೀಗಡಿ) ಚಟ್ನಿ ಬಿಟ್ಟು ಇರಲಾಗದವರು ನಮ್ಮಲ್ಲಿ ಇದ್ದಾರೆ, ನನಗೆ ಗೊತ್ತು. ಆದರೆ ಇನ್ನೊಬ್ಬರ ಮನೆಯಲ್ಲಿ ಉಳಿಯುವಾಗ ಅದರ ವಾಸನೆ ಬೇಡ. ಹನ್ನೆರಡು ದಿನ ತಾನೇ.

ಸಿಮ್ ಕಾರ್ಡ್ ಪೋಸ್ಟ್‌ಪೇಯ್ಡ್ ಇರಲಿ, ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ನಗದು ಇಟ್ಟುಕೊಳ್ಳಿ. ಆಧಾರ್ ಕಾರ್ಡಿನ ನಾಲ್ಕೈದು ಪ್ರತಿ ಇರಲಿ. ನುಬ್ರಾ, ಪಾಂಗಾಂಗ್, ಹಾನ್ಲೆ ಕಡೆ ಹೋಗಲು ಬೇಕಾದ ಪರವಾನಗಿ, ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ವಾರ ಲೇಹ್ ಜಿಲ್ಲಾಡಳಿತದ ಜಾಲತಾಣ ನೋಡಿಕೊಳ್ಳಿ.

ತಲುಪುವುದು, ಮೊದಲ ಎರಡು ದಿನ

ನಾವು ಕುಮಟಾದಿಂದ ರೈಲಿನಲ್ಲಿ ಮಡಗಾಂವ್, ಗೋವಾದಿಂದ ವಿಮಾನದಲ್ಲಿ ದೆಹಲಿ, ಮರುದಿನ ನಸುಕಿಗೆ ಲೇಹ್. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ ಹತ್ತಿರ. ಲೇಹ್‌ಗೆ ವಿಮಾನಗಳು ಬೆಳಗಿನ ಹೊತ್ತೇ ಜಾಸ್ತಿ. ಹಗಲೇರಿದ ಹಾಗೆ ಅಲ್ಲಿ ಗಾಳಿ ಜೋರಾಗುತ್ತದೆ. ರಸ್ತೆಯಲ್ಲಿ ಹೋಗಲು ಸಮಯ ಇದ್ದವರು ಶ್ರೀನಗರ, ಕಾರ್ಗಿಲ್ ದಾರಿ ಹಿಡಿಯಿರಿ. ಏರು ನಿಧಾನ, ದೇಹ ಹೊಂದಿಕೊಳ್ಳುತ್ತಾ ಹೋಗುತ್ತದೆ. ಮನಾಲಿ ದಾರಿ ಬೇಗ ಬೇಗ ಮೇಲೇರಿಸುತ್ತದೆ, ನಮ್ಮಂಥವರಿಗೆ ಮೊದಲ ಸಲಕ್ಕೆ ಅದು ಬೇಡ.

ಲೇಹ್‌ನಲ್ಲಿ ಇಳಿದ ದಿನ ಮಲಗಿ. ನಿಜವಾಗಿ ಮಲಗಿ. ಇಳಿದ ಕೂಡಲೇ ಏನೂ ಅನ್ನಿಸುವುದಿಲ್ಲ, ಅದೇ ಮೋಸ. ತಲೆನೋವು ಶುರುವಾಗುವುದು ಆರೇಳು ತಾಸಿನ ಮೇಲೆ, ಹೆಚ್ಚಿನವರಿಗೆ ಮೊದಲ ರಾತ್ರಿ. ನೀರು ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ. ಹೆಂಡ, ಸಿಗರೇಟು ಬೇಡ. ಬಿಸಿ ಸಾರು, ಮೆತ್ತಗಿನ ಊಟ. ಎರಡನೇ ದಿನ ಸಂಜೆ ಪೇಟೆಗೆ ನಡೆದುಕೊಂಡು ಹೋಗಿ. ಕಾಲುದಾರಿಯಲ್ಲಿ ಹೆಂಗಸರು ಕೂತು ಮೂಲಂಗಿ, ಕ್ಯಾರೆಟ್, ಪಾಲಕ್ ಮಾರುತ್ತಾರೆ. "ಜುಲೇ" ಅನ್ನಿ. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ.

ಸ್ವಲ್ಪ ತಲೆನೋವು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ತುಂಬಾ ಜನರಿಗೆ ಆಗುತ್ತದೆ. ಅಂಥ ದಿನ ಇನ್ನೂ ಮೇಲೆ ಹೋಗಬೇಡಿ, ಅಷ್ಟೇ. ಆದರೆ ಸುಮ್ಮನೆ ಕೂತಿದ್ದಾಗಲೂ ಏದುಸಿರು, ನೊರೆ ಬರುವ ಕೆಮ್ಮು, ಮಾತು ತಪ್ಪುವುದು, ನಡಿಗೆ ತೂರಾಡುವುದು ಕಂಡರೆ ಕೂಡಲೇ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ಡಾಕ್ಟರ್ ನನಗೆ ಒಂದು ಪರೀಕ್ಷೆ ತೋರಿಸಿಕೊಟ್ಟರು. ನೆಲದ ಮೇಲೆ ಗೆರೆ ಇದೆ ಅಂದುಕೊಂಡು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಬೇಕು. ಗೆರೆ ತಪ್ಪಿದರೆ ಅದು ಸುಸ್ತಲ್ಲ, ಕಾಯಿಲೆ. ಎರಡನೇ ಸಲ ನಾವು ರೂಮಿನ ಜಮಖಾನೆಯ ಅಂಚಿನ ಮೇಲೆ ದಿನಾ ಸಂಜೆ ಒಬ್ಬೊಬ್ಬರೇ ನಡೆದೆವು. ಮಶೀನಿನಲ್ಲಿ ನೇರ ಹೊಲಿಗೆ ಬಿದ್ದ ಹಾಗೆ ಹೆಜ್ಜೆ ಬೀಳಬೇಕು.

ಯಾವ ಜಾಗ ಮೊದಲು, ಯಾವುದು ಆಮೇಲೆ

ಫೋಟೋದಲ್ಲಿ ಚೆಂದ ಕಂಡದ್ದನ್ನು ಮೊದಲು ಇಟ್ಟುಕೊಳ್ಳಬೇಡಿ. ರಾತ್ರಿ ಮಲಗುವ ಜಾಗದ ಎತ್ತರ ನೋಡಿ ಪಟ್ಟಿ ಮಾಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು.

ಮೂರನೇ ದಿನ ಲೇಹ್ ಸುತ್ತಮುತ್ತ. ಥಿಕ್ಸೆ ಮಠ 19 ಕಿಲೋಮೀಟರ್, ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಹೋದರೆ ಒಳ್ಳೆಯದು. ದಾರಿಯಲ್ಲಿ ಶೇ ಅರಮನೆ. ಸಂಜೆ ಶಾಂತಿ ಸ್ತೂಪಕ್ಕೆ ಮೆಟ್ಟಿಲಿದೆ, ಆ ದಿನ ಹತ್ತಬೇಡಿ, ಗಾಡಿ ಮೇಲಿನವರೆಗೂ ಹೋಗುತ್ತದೆ. ಗಾಡಿಗೆ ಲೇಹ್ ಟ್ಯಾಕ್ಸಿ ಸಂಘದ ನಿಗದಿ ದರ ಇದೆ, ಪಟ್ಟಿ ಕೇಳಿ ತೆಗೆದುಕೊಳ್ಳಿ.

ನಾಲ್ಕನೇ ದಿನ ಪಶ್ಚಿಮಕ್ಕೆ. ಮ್ಯಾಗ್ನೆಟಿಕ್ ಹಿಲ್ ಅನ್ನುವಲ್ಲಿ ಗಾಡಿ ತಾನೇ ಏರು ಹತ್ತುತ್ತದೆ ಅನ್ನುತ್ತಾರೆ, ಅದು ಕಣ್ಣಿನ ಭ್ರಮೆ. ಐದು ನಿಮಿಷ ಸಾಕು. ನಿಮ್ಮು ಹತ್ತಿರ ಸಿಂಧೂ, ಝನ್ಸ್ಕಾರ್ ಸೇರುವ ಸಂಗಮದಲ್ಲಿ ಮಾತ್ರ ಗಾಡಿ ಇಳಿಯಿರಿ. ಎರಡು ನೀರಿನ ಬಣ್ಣ ಬೇರೆ ಬೇರೆ, ಸ್ವಲ್ಪ ದೂರ ಸೇರದೇ ಹರಿಯುತ್ತವೆ. ಅಘನಾಶಿನಿ ತದಡಿಯಲ್ಲಿ ಸಮುದ್ರಕ್ಕೆ ಸೇರುವುದನ್ನು ದೋಣಿಯಿಂದ ನೋಡಿದವರಿಗೆ ಇದು ಗುರುತು ಸಿಗುತ್ತದೆ.

ಅಲ್ಲಿಂದ ಆಲ್ಚಿ. ಹೆಚ್ಚಿನ ಟೂರಿನವರು ಇದನ್ನು ಬಿಡುತ್ತಾರೆ, ಅಥವಾ ಅರ್ಧ ಗಂಟೆ ಕೊಡುತ್ತಾರೆ. ನಾವು ಒಂದು ರಾತ್ರಿ ಉಳಿದೆವು. ಲೇಹ್‌ಗಿಂತ ತಗ್ಗು, ನಿದ್ದೆ ಚೆನ್ನಾಗಿ ಬರುತ್ತದೆ. ಊರೆಲ್ಲ ಏಪ್ರಿಕಾಟ್ (ಜರ್ದಾಳು) ಮರ. ಇಲ್ಲಿಯ ಮಠ ಗುಡ್ಡದ ಮೇಲಿಲ್ಲ, ತೋಟದ ನಡುವೆ ನಮ್ಮ ಹಳೇ ಮನೆಗಳ ಹಾಗೆ ತಗ್ಗು ಬಾಗಿಲಿನ ಗುಡಿಗಳು. ಒಳಗಿನ ಚಿತ್ರಗಳು ಹನ್ನೊಂದು, ಹನ್ನೆರಡನೇ ಶತಮಾನದ ಆಸುಪಾಸಿನವು ಅನ್ನುತ್ತಾರೆ. ಫೋಟೋ ತೆಗೆಯುವ ಹಾಗಿಲ್ಲ. ಮೂರು ಅಂತಸ್ತಿನ ಸುಮ್ಸೆಕ್ ಗುಡಿಯೊಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಹೊರಗೆ ಬಂದುಬಿಡಬೇಡಿ, ಕಣ್ಣು ಕತ್ತಲೆಗೆ ಪಳಗಲಿ. ನಿಧಾನಕ್ಕೆ ಮೂರು ದೊಡ್ಡ ಮೂರ್ತಿಗಳ ಕಾಲು ಕಾಣುತ್ತದೆ, ಆಮೇಲೆ ಉಟ್ಟ ಧೋತರ.

ನಾನು ಅಲ್ಲೇ ಕೂತುಬಿಟ್ಟೆ. ಮೂರ್ತಿ ಮಣ್ಣಿನದು, ಧೋತರವೂ ಮಣ್ಣಿನದೇ. ಆದರೆ ಅದರ ಮೇಲೆ ಬರೆದದ್ದು ನೋಡಬೇಕು. ಒಬ್ಬರ ಧೋತರದಲ್ಲಿ ಗುಡಿಗಳು, ಅರಮನೆಗಳು. ಇನ್ನೊಬ್ಬರದರಲ್ಲಿ ಬುದ್ಧನ ಜೀವನದ ಕಥೆ. ಮೂರನೆಯದರಲ್ಲಿ 84 ಸಿದ್ಧರು. ತಲೆ ಎತ್ತಿ ನೋಡಿದರೆ ಮಾಡಿನ ಹಲಗೆಗಳ ಮೇಲೆಲ್ಲ ಬಟ್ಟೆಯ ವಿನ್ಯಾಸಗಳು, ಒಂದೊಂದು ಚೌಕಕ್ಕೆ ಒಂದೊಂದು. ಬಳ್ಳಿ, ವೃತ್ತದೊಳಗೆ ಪ್ರಾಣಿ, ಗೆರೆ, ಚುಕ್ಕಿ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದವರೇ ಬರೆದಿರಬೇಕು. ಆ ಕಾಲದ ನಿಜವಾದ ಬಟ್ಟೆ ಎಲ್ಲಿ ಉಳಿಯುತ್ತದೆ? ಅದರ ಮಾದರಿ ಇಲ್ಲಿ ಉಳಿದಿದೆ. ಮೂವತ್ತು ವರ್ಷದಿಂದ ಬಟ್ಟೆಯ ನಡುವೆ ಕೂತ ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ನೀವು ಹೋದರೆ ಒಂದು ತಾಸಾದರೂ ಕೂರಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.

ಮರುದಿನ ಲಾಮಾಯುರು ಮಠ ನೋಡಿಕೊಂಡು ಲೇಹ್‌ಗೆ ವಾಪಸ್. ಸುತ್ತ ಹಳದಿ ಮಣ್ಣಿನ ಗುಡ್ಡಗಳು ಕೊರೆದು ಕೊರೆದು ಚಂದ್ರನ ನೆಲದ ಹಾಗೆ ಕಾಣುತ್ತವೆ.

ಆರನೇ ದಿನ ಖಾರ್ದುಂಗ್ ಲಾ. ಮೇಲಿನ ಹಳೆಯ ಬೋರ್ಡಿನಲ್ಲಿ 18,380 ಅಡಿ ಅಂತಿತ್ತು, ಅಳತೆ ಮಾಡಿದ್ದು 17,582 ಅಡಿ. ಎರಡರಲ್ಲಿ ಯಾವುದಾದರೂ ನಮ್ಮ ಶ್ವಾಸಕ್ಕೆ ಜಾಸ್ತಿಯೇ. ಹದಿನೈದು ನಿಮಿಷಕ್ಕಿಂತ ನಿಲ್ಲಬೇಡಿ, ಫೋಟೋಗೆ ಓಡಬೇಡಿ. ಭಾವ ಈ ಸಲ ಗಾಡಿಯಲ್ಲಿ ಕೂತೇ ಗುಂಡಿ ಹಾಕಿಕೊಂಡರು, ಮೇಲಿಂದ ಕೆಳಗಿನವರೆಗೆ ಎಲ್ಲವನ್ನೂ. ಯಾರೂ ಏನೂ ಮಾತಾಡಲಿಲ್ಲ. ಅಕ್ಕ ಕಿಟಕಿ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಆಚೆ ಇಳಿದರೆ ನುಬ್ರಾ, ಅಲ್ಲಿ ಎತ್ತರ ಲೇಹ್‌ಗಿಂತ ಕಡಿಮೆ. ದಿಸ್ಕಿತ್ ಮಠದ ಹತ್ತಿರ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ. ಹುಂಡರ್‌ನಲ್ಲಿ ಮರಳ ದಿಬ್ಬಗಳು, ಎರಡು ಡುಬ್ಬದ ಒಂಟೆಗಳು. ಹಿಂದೆ ಮಧ್ಯ ಏಷ್ಯಾದ ಯಾರ್ಕಂದ್ ಕಡೆಯ ವ್ಯಾಪಾರಿಗಳ ಜೊತೆ ಬಂದು ಇಲ್ಲಿ ಉಳಿದವುಗಳ ಸಂತಾನ. ಗೋಕರ್ಣದ ಮರಳಿನ ಹಾಗೇ ಕಾಲು ಹುಗಿಯುತ್ತದೆ, ಆದರೆ ಮರಳು ತಣ್ಣಗೆ, ಸುತ್ತ ಹಿಮದ ಬೆಟ್ಟ. ಸಂಜೆ ಒಂಟೆಗೆ ಉದ್ದ ಸಾಲು, ಬೆಳಿಗ್ಗೆ ಹೋಗಿ. ಎರಡು ರಾತ್ರಿ ಉಳಿದು ಮಧ್ಯದ ದಿನ ತುರ್ತುಕ್‌ಗೆ ಹೋಗಿ ಬನ್ನಿ. 1971ರ ಯುದ್ಧದಲ್ಲಿ ಭಾರತದ ವಶಕ್ಕೆ ಬಂದ ಹಳ್ಳಿ, ಬಾಲ್ಟಿ ಜನರದು. ಕಲ್ಲಿನ ಓಣಿ, ಪಕ್ಕದಲ್ಲೇ ಹರಿಯುವ ನೀರಿನ ಕಾಲುವೆ, ಮಾಡಿನ ಮೇಲೆ ಒಣಗಲು ಹಾಕಿದ ಜರ್ದಾಳು. ಮನೆ ಬಾಗಿಲಲ್ಲಿ ನಿಂತ ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ.

ಪಾಂಗಾಂಗ್ ಸರೋವರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ಸಲ ನೋಡಿದ್ದೆ. ನೀಲಿ ಚೆಂದ, ಸುಳ್ಳಲ್ಲ. ನೀರು ನಾಲಿಗೆಗೆ ಹಚ್ಚಿದರೆ ನಮ್ಮ ಅಳಿವೆ ನೀರಿನ ಹಾಗೆ ತುಸು ಉಪ್ಪು. ಆದರೆ ಲೇಹ್‌ನಿಂದ ಒಂದೇ ದಿನದಲ್ಲಿ ಹೋಗಿ ಬಂದರೆ ಇಡೀ ದಿನ ಗಾಡಿಯಲ್ಲೇ ಕಳೆಯುತ್ತದೆ. ದಂಡೆಯಲ್ಲಿ ಮಲಗಿದರೆ 4,200 ಮೀಟರಿಗೂ ಮೇಲೆ. ಹೋಗುವುದಿದ್ದರೆ ಎರಡನೇ ವಾರಕ್ಕೆ ಇಡಿ. ಸಮುದ್ರ ದಿನಾ ನೋಡುವ ನಾವು ಆ ದಿನಗಳನ್ನು ಹಾನ್ಲೆಗೆ ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ.

ಹಾನ್ಲೆಯ ಕತ್ತಲೆ

ಹಾನ್ಲೆ ದೂರ, ಎತ್ತರವೂ ಜಾಸ್ತಿ. ನಾವು ನಡುವೆ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ನಿಂತೆವು. ಸಿಂಧೂ ದಂಡೆಯಲ್ಲಿ ಬಿಸಿನೀರಿನ ಬುಗ್ಗೆ ಇರುವ ಊರು. ಮುಂದೆ ಬಯಲಿನಲ್ಲಿ ಕಿಯಾಂಗ್ ಅನ್ನುವ ಕಾಡುಕತ್ತೆಗಳ ಹಿಂಡು ಕಾಣುತ್ತದೆ, ಗಾಡಿ ಬಿಟ್ಟು ಬೆನ್ನಟ್ಟಬೇಡಿ. ಬಿಲದ ಬಾಯಲ್ಲಿ ನಿಲ್ಲುವ ಮಾರ್ಮಟ್ ಅನ್ನುವ ದಪ್ಪ ಅಳಿಲಿನಂಥ ಪ್ರಾಣಿಗಳಿಗೆ ಬಿಸ್ಕೀಟು ಹಾಕಬೇಡಿ. ನೀರಿದ್ದಲ್ಲಿ ಪಟ್ಟೆತಲೆ ಹೆಬ್ಬಾತು ಹುಡುಕಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಜಾತಿಯ ಹಕ್ಕಿ ಅದು, ಬೇಸಿಗೆಯಲ್ಲಿ ಲಡಾಖ್‌ನ ಸರೋವರಗಳಲ್ಲಿ ಮರಿ ಮಾಡುತ್ತದೆ.

ಹಾನ್ಲೆಯ ಗುಡ್ಡದ ಮೇಲೆ ಸುಮಾರು 4,500 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯ ಇದೆ. ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್). ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ, ಎರಡು ಮೀಟರ್ ಕನ್ನಡಿಯ 'ಚಂದ್ರ' ದೂರದರ್ಶಕವನ್ನು ಉಪಗ್ರಹದ ಸಂಪರ್ಕದಿಂದ ನಮ್ಮ ಹೊಸಕೋಟೆಯಲ್ಲಿ ಕೂತು ತಿರುಗಿಸುತ್ತಾರೆ. 2022ರಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲೆ ಕಾಯುವ ಮೀಸಲು ಅಂತ ಘೋಷಿಸಿದರು. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟಿದ್ದಾರೆ. ಅವರ ಮನೆಯಲ್ಲೇ ಉಳಿಯಬಹುದು, ಅವರೇ ಆಕಾಶ ತೋರಿಸುತ್ತಾರೆ.

ಇಲ್ಲಿಗೆ ಹೋಗುವ ದಿನ ಗೊತ್ತು ಮಾಡಲು ಪಂಚಾಂಗ ತೆಗೆಯಿರಿ. ಅಮಾವಾಸ್ಯೆಯ ಆಚೀಚೆ ಮೂರು ದಿನ ಒಳ್ಳೆಯದು. 2023ರಲ್ಲಿ ಚೌತಿ ಮುಂಚಿನ ಅಮಾವಾಸ್ಯೆ ಸೆಪ್ಟೆಂಬರ್ 14ಕ್ಕೆ ಇತ್ತು, ನಾವು 13, 14 ಎರಡು ರಾತ್ರಿ ಅಲ್ಲಿದ್ದೆವು. ಕತ್ತಲಾದ ಮೇಲೆ ಕಿಟಕಿ ಪರದೆ ಎಳೆಯಿರಿ, ಮೊಬೈಲ್ ಬೆಳಕು ಹಚ್ಚಬೇಡಿ, ಬೇಕಾದರೆ ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ. ಕಣ್ಣು ಕತ್ತಲೆಗೆ ಪಳಗಲು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಬೇಕು, ಒಂದು ಫ್ಲ್ಯಾಶ್ ಬಿದ್ದರೆ ಮತ್ತೆ ಮೊದಲಿನಿಂದ. ಮೂರು ಪದರ, ಟೊಪ್ಪಿ, ಕೈಗವಸು, ಎರಡು ಜೊತೆ ಕಾಲುಚೀಲ. ಕೆಳಗೆ ಹಾಸಲು ಕಂಬಳಿ ಕೇಳಿ ತೆಗೆದುಕೊಳ್ಳಿ, ಚಳಿ ನೆಲದಿಂದ ಏರುತ್ತದೆ.

ನಮ್ಮ ಅಪ್ಪ ದೋಣಿಗೆ ಹೋಗುತ್ತಿದ್ದವರು. ದಂಡೆ ಕಾಣದಷ್ಟು ಒಳಗೆ ಹೋದಾಗ ನಕ್ಷತ್ರ ನೋಡಿ ದಿಕ್ಕು ಹಿಡಿಯುತ್ತಿದ್ದರು. ಕೃತ್ತಿಕೆಯನ್ನು ನನಗೆ ತೋರಿಸಿಕೊಟ್ಟವರು ಅವರೇ, ಏಳೆಂಟು ವರ್ಷದವಳಿದ್ದಾಗ. ಈಗ ಕುಮಟಾದಲ್ಲಿ ಬೀದಿ ದೀಪ, ಬೋಟಿನ ದೀಪದ ನಡುವೆ ಅದನ್ನು ಹುಡುಕಬೇಕು. ಹಾನ್ಲೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಪೂರ್ವದ ಗುಡ್ಡದ ಮೇಲೆ ಅದು ಎದ್ದಾಗ ಯಾರೂ ತೋರಿಸಬೇಕಾಗಲಿಲ್ಲ. ಆಕಾಶಗಂಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಇಸ್ತ್ರಿ ಮಾಡುವ ಮುಂಚೆ ಹರವಿದ ಸೀರೆಯ ಹಾಗೆ. ಮನೆಯ ಹುಡುಗಿ ಉಪ್ಪು, ಬೆಣ್ಣೆ ಹಾಕಿದ ಚಹಾ ತಂದುಕೊಟ್ಟಳು. ಚಹಾ ಅಂದುಕೊಂಡು ಕುಡಿದರೆ ಮನಸ್ಸು ಒಪ್ಪುವುದಿಲ್ಲ. ತುಪ್ಪ ಹಾಕಿದ ಗಂಜಿ ತಿಳಿ ಅಂದುಕೊಳ್ಳಿ, ಹಿತವಾಗುತ್ತದೆ.

ಅವರ ಮನೆಯ ಪಾಯಿಖಾನೆ ಒಣ ಪದ್ಧತಿಯದು. ನೀರಿನ ಬದಲು ಮಣ್ಣು ಎಳೆದು ಹಾಕಬೇಕು. ಆ ಮಣ್ಣು ಮರುವರ್ಷ ಹೊಲಕ್ಕೆ ಗೊಬ್ಬರ. ನೀರು ಕೇಳಿ ಹಟ ಮಾಡಬೇಡಿ. ಆ ನೆಲದಲ್ಲಿ ಬಾರ್ಲಿ ಬೆಳೆಯುವುದು ಹಿಮ ಕರಗಿ ಬಂದ ನೀರಿನಿಂದ, ಅದನ್ನೂ ಸರದಿ ಪ್ರಕಾರ ಹೊಲಕ್ಕೆ ಬಿಡುತ್ತಾರೆ. ದಿನಕ್ಕೆ ಅರ್ಧ ಬಕೆಟ್ಟಿನಲ್ಲಿ ನಾನು ಮುಗಿಸಿದೆ.

ವಾಪಸ್ ಬರುವಾಗ ಲೇಹ್ ಪೇಟೆಯಲ್ಲಿ ಪಶ್ಮೀನಾ ಕೊಳ್ಳುವವರಿಗೆ ಎರಡು ಮಾತು. ಅದು ಚಾಂಗ್‌ಥಾಂಗ್ ಅನ್ನುವ ಎತ್ತರದ ಬಯಲಿನ ಮೇಕೆಗಳ ಮೈಯ ಒಳಗೂದಲು, ವಸಂತದಲ್ಲಿ ಬಾಚಿ ತೆಗೆಯುತ್ತಾರೆ. ಕಡಿಮೆ ರೇಟಿಗೆ ಸಿಗುವುದು ಪಶ್ಮೀನಾ ಅಲ್ಲ. ಅಂಚು ತಿರುಗಿಸಿ ನೋಡಿ. ಕೈನೇಯ್ಗೆಯಲ್ಲಿ ಎಳೆ ಅಲ್ಲಲ್ಲಿ ಏರುಪೇರು ಇರುತ್ತದೆ, ಮೇಲೆ ಎಣ್ಣೆಯ ಹಾಗೆ ಹೊಳಪು ಇರುವುದಿಲ್ಲ. ಹೆಂಗಸರ ಸಂಘಗಳ ಅಂಗಡಿಯಲ್ಲಿ ಕೊಂಡರೆ ನೂತವರ ಕೈಗೇ ದುಡ್ಡು ಹೋಗುತ್ತದೆ. ನಾನು ಶಾಲು ಕೊಳ್ಳಲಿಲ್ಲ, ನೂತ ನೂಲು ಒಂದು ಲಡಿ ತಂದೆ. ಅಂಗಡಿಯಲ್ಲಿ ಇಟ್ಟಿದ್ದೇನೆ, ಬಂದರೆ ಮುಟ್ಟಿ ನೋಡಬಹುದು.

ಲೇಹ್‌ನಿಂದ ಹೊರಡುವ ವಿಮಾನ ಹವೆ ಕೆಟ್ಟರೆ ರದ್ದಾಗುತ್ತದೆ. ದೆಹಲಿಯಿಂದ ಮುಂದಿನ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಬೇಡಿ, ಒಂದು ದಿನ ಬಿಡಿ. ನಾವು 16ಕ್ಕೆ ಲೇಹ್ ಬಿಟ್ಟು, ರಾತ್ರಿ ದೆಹಲಿಯಲ್ಲಿದ್ದು, 17ರ ಸಂಜೆ ಕುಮಟಾ ಸ್ಟೇಷನ್ನಿನಲ್ಲಿ ಇಳಿದೆವು. ಮಳೆ ಬರುತ್ತಿತ್ತು. ಪೇಟೆಯಲ್ಲಿ ಚೌತಿಗೆ ಗಣಪತಿ ಮೇಲೆ ಫಳಾವಳಿ ಕಟ್ಟಲು ಮಾವಿನ ಸೊಪ್ಪು, ಅಡಿಕೆ ಗೊನೆ ಮಾರಲು ಕೂತಿದ್ದರು. ನಾವೂ ಆಟೋ ನಿಲ್ಲಿಸಿ ತೆಗೆದುಕೊಂಡೇ ಮನೆಗೆ ಹೋದೆವು.